ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿ ಒಟ್ಟೋ ಕೋನಿಗ್ಸ್‌ಬರ್ಗರ್‌ರವರು

ಅನ್ನವಸ್ತ್ರಗಳ ತರುವಾಯ ಮಾನವನಿಗೆ ಅತ್ಯವಶ್ಯಕವಾದುದು ನೆರಳು. ಆ ನೆರಳನ್ನು ಒದಗಿಸುವ ವಿದ್ಯೆಯೇ ವಾಸ್ತುವಿದ್ಯೆ. ಅರಮನೆ, ಕೋಟೆ, ಗೋಪುರಗಳ ವೈಭವದಿಂದ ಈ ವಿದ್ಯೆಯ ಹಿರಿಮೆಯನ್ನು ಅಳೆಯುವುದು ಲೋಕರೂಢಿಯಾಗಿದೆ. ಆದರೆ ಬಿಸಿಲಿನಲ್ಲಿ ದುಡಿದು ಬಂದವನು ಒಳಹೊಕ್ಕೊಡನೆ ಅವನ ಮೈ ತಣಿಯುವುದೋ ಇಲ್ಲವೋ, ಮಳೆಗಾಲದಲ್ಲಿ ಗೋಡೆ ಒಣಗಿರುವುದೋ ಇಲ್ಲವೋ, ಹಗಲಿನಲ್ಲಿ ದೀಪವಿಲ್ಲದೆ ಓದಬಹುದೋ ಬಾರದೋ ಎಂಬುದೇ ಕಟ್ಟಡದ ನಿಜವಾದ ಪರೀಕ್ಷೆಯೆಂದು ಬಗೆದು, ಆ ಪರೀಕ್ಷೆಗೆ ಒಂದು ಶಾಸ್ತ್ರವನ್ನೇ ರೂಪಿಸಿಕೊಟ್ಟ ಮಹನೀಯರೊಬ್ಬರು ಕ್ರಿ. ಶ. ೧೯೩೯ರಿಂದ ೧೯೪೮ರವರೆಗೆ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದರು. ಅವರೇ ಜರ್ಮನಿ ದೇಶದಿಂದ ಬಂದ ಡಾಕ್ಟರ್ ಒಟ್ಟೋ ಕೋನಿಗ್ಸ್‌ಬರ್ಗರ್‌ರವರು. ಬೆಂಗಳೂರಿನಲ್ಲಿ ಅವರು ಕಟ್ಟಿಸಿದ ಕಟ್ಟಡಗಳ ಮುಂದೆ ದಿನವೂ ಸಾವಿರಾರು ಜನರು ಹಾದುಹೋಗುತ್ತಾರೆ. ಅವರ ಹೆಸರನ್ನು ಬಲ್ಲವರು ಮಾತ್ರ ವಿರಳ. ಗ್ರಾಮಾಂತರದ ನಾಲ್ಕು ತಾಲ್ಲೂಕುಗಳಲ್ಲಿ ಮನೆಮಠಗಳನ್ನು ಕಟ್ಟುವವರಿಗೂ ಕಟ್ಟಿಸುವವರಿಗೂ ಅವರ ಚರಿತ್ರೆಯಿಂದ ತಿಳಿಯತಕ್ಕ ಅಂಶಗಳು ಅನೇಕವಿರುವುದರಿಂದ, ಅದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗುತ್ತದೆ.

ಕೋನಿಗ್ಸ್‌ಬರ್ಗರ್‌ರವರು ೧೯೦೮ನೆಯ ಇಸವಿಯಲ್ಲಿ ಬರ್ಲಿನ್ ನಗರದಲ್ಲಿ ಜನಿಸಿದರು. ಅಲ್ಲಿಯ ತಾಂತ್ರಿಕ ವಿದ್ಯಾಲಯದಲ್ಲಿ ಹಾನ್ಸ್ ಪೋಲ್‌ಜಿಗ್, ಬ್ರೂನೋ ಟೌಟ್ ಮೊದಲಾದ ಪ್ರಖ್ಯಾತರ ಬಳಿ ವಾಸ್ತುವಿದ್ಯೆಯನ್ನು ಅಭ್ಯಾಸಮಾಡಿ, ೧೯೩೩ರಲ್ಲಿ ಆ ದೇಶದ ತರುಣ ಶಿಲ್ಪಿಗಳಿಗೆ ದೊರೆಯತಕ್ಕ ಶಿಂಕೆಲ್ ಬಹುಮಾನವನ್ನು ಪಡೆದರು. ಅಂದಿನ ಯೂರೋಪಿನಲ್ಲಿ ವಾಸ್ತುವಿದ್ಯೆಯು ಹೊಸ ಹಾದಿಯನ್ನು ಹಿಡಿದಿತ್ತು. ಕಟ್ಟಡದ ಮೇಲೆ ಕೆತ್ತನೆ, ಕಂಬ, ಕಲಶಗಳನ್ನು ಹೇರುವುದನ್ನು ಬಿಟ್ಟು, ಕಟ್ಟಡದ ಉಪಯೋಗವೇನೋ ಅದಕ್ಕೆ ತಕ್ಕ ಆಕಾರವನ್ನು ಕೊಡಬೇಕು, ಕಬ್ಬಿಣ ಕಾಂಕ್ರೀಟು ಗಾಜುಗಳನ್ನು ಮರೆಮಾಚದೆ ಇದ್ದಂತೆ ತೋರಿಸಬೇಕು, ಬಡ ಕೂಲಿಗಾರನ ವಸತಿಯೂ ಶಿಲ್ಪಿಯ ಗಮನಕ್ಕೆ ಅರ್ಹವಾದುದು ಎಂಬಿವು ಈ ನವೀನ ಪಂಥದ ಮುಖ್ಯ ತತ್ವಗಳು. ಕೋನಿಗ್ಸ್‌ಬರ್ಗರ್‌ರವರು ಈ ಪಂಥದಲ್ಲಿ ಪಳಗಿದವರು.

ಬಹುಮಾನ ದೊರೆತ ವರ್ಷವೇ ಅವರ ಪಾಲಿಗೆ ದುರ್ದಿನವೂ ಪ್ರಾಪ್ತವಾಯಿತು. ೧೯೩೩ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದುದರಿಂದ, ಯೆಹೂದ್ಯ ಸಂತತಿಯವರಾದ ಅವರಿಗೆ ಹುಟ್ಟಿದ ನಾಡಿನಲ್ಲಿ ಉದ್ಯೋಗವೂ ನೆಲೆಯೂ ಇಲ್ಲದಂತಾಯಿತು. ಅವರು ಈಜಿಪ್ಟ್ ದೇಶಕ್ಕೆ ತೆರಳಿ, ಕೈರೋ ನಗರದಲ್ಲಿ ಲುಡ್ವಿಗ್ ಬೋರ್ಖಾರ್ಟ್ ಎಂಬ ಪ್ರಾಕ್ತನ ವಿಮರ್ಶಕರ ಆಶ್ರಯದಲ್ಲಿ ಪುರಾತನ ಕಟ್ಟಡಗಳ ಸಂಶೋಧನೆಗೆ ತೊಡಗಿದರು. ಪ್ರಾಚೀನ ಈಜಿಪ್ಟಿನವರು ಬಾಗಿಲುಗಳನ್ನು ಹೇಗೆ ನಿರ್ಮಿಸುತ್ತಿದ್ದರು ಎಂಬುದೇ ಅವರ ಡಾಕ್ಟರೇಟ್ ಪ್ರಬಂಧದ ವಿಷಯವಾಗಿದ್ದಿತು. ಅದು ೧೯೩೬ರಲ್ಲಿ ಪುಸ್ತಕರೂಪದಿಂದ ಪ್ರಕಟವಾಯಿತು. ವಿಷಯವು ಸಣ್ಣದೆಂದು ತೋರಬಹುದು. ಆದರೆ ಬಾಗಿಲೆಂಬುದು ಬೆಳಕು, ಗಾಳಿ, ಧೂಳು, ಶಾಖ ಇವುಗಳಲ್ಲಿ ಯಾವುದನ್ನು ಒಳಕ್ಕೆ ಬಿಡಬೇಕು, ಯಾವುದನ್ನು ಹೊರಗೆ ತಡೆಯಬೇಕು ಎಂದು ನಿರ್ಣಯಿಸುವ ಸ್ಥಾನ. ಮುಂದೆ ಅವರು ಜೀವಮಾನವೆಲ್ಲ ವಿಚಾರಮಾಡಿದ ಪ್ರಶ್ನೆಯೂ ಇದೇ ಆಗಿದ್ದಿತು.

ಅವರು ಮೈಸೂರಿಗೆ ಬಂದ ಬಗೆಯು ಸ್ವಾರಸ್ಯಕರವಾಗಿದೆ. ಭೌತಶಾಸ್ತ್ರದಲ್ಲಿ ಜಗದ್ವಿಖ್ಯಾತರಾದ ಮ್ಯಾಕ್ಸ್ ಬಾರ್ನ್‌ರವರು ಅವರಿಗೆ ಸೋದರಮಾವಂದಿರು. ಬಾರ್ನ್‌ರವರೂ ಜರ್ಮನಿಯಿಂದ ಹೊರದೂಡಲ್ಪಟ್ಟವರೇ. ಸರ್ ಸಿ. ವಿ. ರಾಮನ್‌ರವರ ಆಹ್ವಾನದ ಮೇರೆಗೆ ಅವರು ೧೯೩೫-೩೬ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಕೆಲವು ತಿಂಗಳು ಇದ್ದು, ದಿವಾನ್ ಸರ್ ಮಿರ್ಜಾ ಎಂ. ಇಸ್ಮಾಯಿಲ್‌ರವರ ಸ್ನೇಹವನ್ನು ಸಂಪಾದಿಸಿದ್ದರು. ಈ ಪರಿಚಯವು ಸೋದರಳಿಯನಿಗೆ ದಾರಿಯಾಯಿತು. ೧೯೩೯ರಲ್ಲಿ ಕೋನಿಗ್ಸ್‌ಬರ್ಗರ್‌ರವರು ಬೆಂಗಳೂರಿಗೆ ಬಂದು, ತಮ್ಮ ಮೂವತ್ತೊಂದನೆಯ ವಯಸ್ಸಿನ ಸುಮಾರಿಗೆ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಗಳಾದರು. ತನ್ನ ಊರಿನಲ್ಲಿ ಮನೆಯಿಲ್ಲದಂತಾದವನಿಗೆ ಪರರ ಊರಿನಲ್ಲಿ ಮನೆ ಕಟ್ಟುವ ಅಧಿಕಾರವು ದೊರೆತುದು ಕಾಲದ ವೈಚಿತ್ರ್ಯವೇ ಸರಿ.

ಅವರು ಬಂದಾಗ ಈ ಸಂಸ್ಥಾನದಲ್ಲಿ ಎರಡು ಬಗೆಯ ಸರ್ಕಾರಿ ಕಟ್ಟಡಗಳು ಪ್ರಸಿದ್ಧವಾಗಿದ್ದವು. ೧೮೬೮ರಲ್ಲಿ ಪೂರ್ತಿಯಾದ ಬೆಂಗಳೂರಿನ ಅಠಾರಾ ಕಚೇರಿಯಂತೆ ಗ್ರೀಕ್ ಮಾದರಿಯ ಕಂಬಗಳುಳ್ಳವು ಒಂದು ಬಗೆ. ೧೯೧೨ರಲ್ಲಿ ಮುಗಿದ ಮೈಸೂರಿನ ಅರಮನೆಯಂತೆ ಗುಮ್ಮಟ ಕಮಾನುಗಳ ಮಿಶ್ರಶೈಲಿಯವು ಮತ್ತೊಂದು ಬಗೆ. ನಗರಗಳನ್ನು ಉದ್ಯಾನ, ವೃತ್ತ, ದೀಪಸ್ತಂಭಗಳಿಂದ ಅಲಂಕರಿಸುವುದರಲ್ಲಿ ಅದ್ವಿತೀಯರಾದ ದಿವಾನ್ ಮಿರ್ಜಾರವರಿಗೆ ಈ ಎರಡನೆಯ ಬಗೆಯ ಸೊಬಗಿನಲ್ಲಿ ಮಮತೆ ಹೆಚ್ಚು. ಹೊಸದಾಗಿ ಬಂದ ಶಿಲ್ಪಿಗಳಿಗಾದರೋ ಹಿಂದಿನವರ ಆಕಾರಗಳನ್ನು ಅನುಕರಿಸುವುದರಲ್ಲಿ ಆಸಕ್ತಿಯಿರಲಿಲ್ಲ. ಹಾಗಾಗಿ ಪ್ರಾರಂಭದ ವರ್ಷಗಳಲ್ಲಿ ಪ್ರಭುವಿನ ಅಭಿರುಚಿಗೂ ಶಿಲ್ಪಿಯ ಸಿದ್ಧಾಂತಕ್ಕೂ ನಡುವೆ ಒಂದು ಸೌಮ್ಯವಾದ ಜಗ್ಗಾಟವು ನಡೆಯುತ್ತಲೇ ಇದ್ದಿತು. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪವು ಅವರ ಆ ಕಾಲದ ಕೃತಿಗಳಲ್ಲಿ ಒಂದು. ೧೯೪೧ರಲ್ಲಿ ಮಿರ್ಜಾರವರು ದಿವಾನಗಿರಿಯಿಂದ ನಿವೃತ್ತರಾದರು.

ಅವರ ಶೈಲಿಯು ಪೂರ್ಣವಾಗಿ ಅರಳಿದುದು ವಿಜ್ಞಾನ ಮಂದಿರದ ಆವರಣದಲ್ಲಿ. ಡಾಕ್ಟರ್ ಜೆ. ಸಿ. ಘೋಷ್‌ರವರು ೧೯೩೯ರಿಂದ ಅಲ್ಲಿಯ ನಿರ್ದೇಶಕರಾಗಿದ್ದರು. ಎರಡನೆಯ ಮಹಾಯುದ್ಧವು ನಡೆಯುತ್ತಿದ್ದ ಕಾಲವದು. ೧೯೪೦ರ ಕೊನೆಯಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯು ಸ್ಥಾಪಿತವಾಗಿ, ವಿಮಾನಶಾಸ್ತ್ರವನ್ನು ಬಲ್ಲ ತರುಣರು ಬೇಕಾದುದರಿಂದ, ೧೯೪೨ರಲ್ಲಿ ವಿಜ್ಞಾನ ಮಂದಿರದಲ್ಲಿ ಆ ಶಾಸ್ತ್ರದ ವಿಭಾಗವು ಆರಂಭವಾಯಿತು. ಅದರ ಕಟ್ಟಡ, ಭೋಜನಶಾಲೆ ಮತ್ತು ಸಭಾಂಗಣ, ಲೋಹಶಾಸ್ತ್ರ ವಿಭಾಗದ ಕಟ್ಟಡ ಇವುಗಳ ನಕ್ಷೆಗಳನ್ನು ಸಿದ್ಧಪಡಿಸಿದವರು ಕೋನಿಗ್ಸ್‌ಬರ್ಗರ್‌ರವರು. ಅದೇ ಆವರಣದಲ್ಲಿ ಅವರಿಗಿಂತ ಮೊದಲು ಕಟ್ಟಿದ ಮುಖ್ಯ ಭವನವು ಕಗ್ಗಲ್ಲಿನದು. ಎತ್ತರವಾದ ಗೋಪುರವನ್ನು ಹೊತ್ತು ದೂರದಿಂದಲೇ ತನ್ನ ಗಾಂಭೀರ್ಯವನ್ನು ಸಾರುತ್ತದೆ. ಇವರ ಕಟ್ಟಡಗಳಾದರೋ ನೆಲಕ್ಕೆ ಒರಗಿದಂತೆ ಉದ್ದುದ್ದವಾಗಿ ಹಬ್ಬಿವೆ. ಅಲಂಕಾರವಿಲ್ಲದ ಗೋಡೆಗಳು, ಅಡ್ಡಗೆರೆ ಎಳೆದಂತೆ ಮುಂಚಾಚಿದ ಛಜ್ಜೆಗಳು, ನೆರಳು ತುಂಬಿದ ಹಜಾರಗಳು ಇವೇ ಅವುಗಳ ಒಡವೆ. ಯುದ್ಧದ ದೆಸೆಯಿಂದ ಸಿಮೆಂಟೂ ಉಕ್ಕೂ ದುರ್ಲಭವಾಗಿದ್ದ ಆ ದಿನಗಳಲ್ಲಿ, ಸುತ್ತಮುತ್ತ ಸಿಕ್ಕುವ ಕಲ್ಲು ಇಟ್ಟಿಗೆಗಳನ್ನೇ ನೆಚ್ಚಬೇಕಾದ ಅನಿವಾರ್ಯವೂ ಒದಗಿದ್ದಿತು. ಆ ಅನಿವಾರ್ಯವೇ ಒಂದು ಶಿಕ್ಷಣವಾಯಿತು.

ಈ ಶೈಲಿಯ ಅಂತರಂಗವನ್ನು ತಿಳಿಯಲು ಸೂರ್ಯನ ಗತಿಯನ್ನು ಸ್ವಲ್ಪ ವಿಚಾರಿಸಬೇಕು. ಬೆಂಗಳೂರು ಸೀಮೆಯು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ೧೩ ಅಂಶಗಳ ದೂರದಲ್ಲಿಯೂ, ಸಮುದ್ರಮಟ್ಟಕ್ಕೆ ಸುಮಾರು ೩,೦೦೦ ಅಡಿ ಮೇಲೆಯೂ ಇದೆ. ಇಲ್ಲಿ ವರ್ಷದ ಬಹುಭಾಗ ಮಧ್ಯಾಹ್ನದ ಸೂರ್ಯನು ದಕ್ಷಿಣಕ್ಕೆ ಓರೆಯಾಗಿಯೂ, ಏಪ್ರಿಲ್ ಕಡೆಯಿಂದ ಆಗಸ್ಟ್ ನಡುವಿನವರೆಗೆ ಉತ್ತರಕ್ಕೆ ತುಸು ಓರೆಯಾಗಿಯೂ ಇರುವನು. ಎರಡು ಕಡೆಗಳಲ್ಲಿಯೂ ಬಿಸಿಲು ಮೇಲಿನಿಂದ ಬೀಳುವುದರಿಂದ ಒಂದು ಛಜ್ಜೆಯಿಂದ ಅದನ್ನು ತಡೆಯಬಹುದು. ಪೂರ್ವಪಶ್ಚಿಮಗಳ ಬಿಸಿಲು ಹಾಗಲ್ಲ. ಅದು ತಗ್ಗಿನಿಂದ ನೇರವಾಗಿ ಗೋಡೆಗೆ ಹೊಡೆಯುವುದು. ಎಷ್ಟು ಉದ್ದದ ಛಜ್ಜೆಯಿದ್ದರೂ ನಿಲ್ಲದು. ಆದುದರಿಂದ ಕಟ್ಟಡದ ಉದ್ದನೆಯ ಬದಿಗಳು ಉತ್ತರದಕ್ಷಿಣಗಳಿಗೆ ಮುಖಮಾಡಿ, ಕಿರಿದಾದ ಬದಿಗಳು ಮಾತ್ರ ಪೂರ್ವಪಶ್ಚಿಮಗಳಿಗೆ ತಿರುಗಿರಬೇಕು. ಕೋಣೆಗಳನ್ನು ಒಂದರ ಹಿಂದೊಂದು ಅಡಕದೆ ಒಂದೇ ಸಾಲಿನಲ್ಲಿಟ್ಟರೆ ಗಾಳಿಯು ಒಂದು ಕಿಟಕಿಯಿಂದ ಹೊಕ್ಕು ಎದುರು ಕಿಟಕಿಯಿಂದ ಹೊರಡುವುದು. ಬಿಸಿಯಾದ ಗಾಳಿಯು ಮೇಲೇರುವ ಸ್ವಭಾವದ್ದಾಗಿರುವುದರಿಂದ ಗೋಡೆಯ ನೆತ್ತಿಯಲ್ಲಿ ಗವಾಕ್ಷಿಗಳಿರಬೇಕು. ಇಷ್ಟೇ ಆ ಶೈಲಿಯ ರಹಸ್ಯ. ಕಟ್ಟಡದ ಚೆಲುವೆಂಬುದು ಈ ಲೆಕ್ಕಾಚಾರವು ಸರಿಹೊಂದಿದಾಗ ತಾನಾಗಿ ಮೂಡುವ ಫಲವೇ ಹೊರತು, ಹೊರಗಿನಿಂದ ತಂದು ಅಂಟಿಸುವ ವಸ್ತುವಲ್ಲ.

ಈ ವಿವೇಕವು ಗ್ರಾಮಾಂತರದ ಜನರಿಗೆ ಹೊಸದೇನೂ ಅಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಹಳೆಯ ಮನೆಗಳನ್ನು ನೋಡಿದವರಿಗೆ ಇದು ವೇದ್ಯವಾಗುವುದು. ಮುಂದೆ ಜಗುಲಿ, ಅದರ ಮೇಲೆ ಇಳಿಜಾರಾದ ಮಾಡು, ನಡುವೆ ಬೆಳಕು ಗಾಳಿಗಳಿಗಾಗಿ ತೊಟ್ಟಿ, ಒಂದಡಿಗೆ ಮೀರಿದ ದಪ್ಪದ ಮಣ್ಣಿನ ಗೋಡೆ. ಇಂತಹ ಗೋಡೆಯ ಹೊರಮೈಗೆ ಹಗಲಿನಲ್ಲಿ ತಾಗಿದ ಶಾಖವು ಒಳಮೈಯನ್ನು ಮುಟ್ಟಲು ಸುಮಾರು ಎಂಟು ಹತ್ತು ಗಂಟೆಗಳು ಹಿಡಿಯುವುದರಿಂದ, ಮಧ್ಯಾಹ್ನದಲ್ಲಿ ಒಳಗೆ ತಂಪು, ಇರುಳಿನಲ್ಲಿ ಬೆಚ್ಚಗೆ. ದೇವನಹಳ್ಳಿಯ ಕಡೆ ಕಲ್ಲು ಸಮೃದ್ಧವಾಗಿದೆ. ಅಲ್ಲಿಯ ಮಣ್ಣಿನ ಕೋಟೆಯು ಹೈದರನ ಕಾಲದಲ್ಲಿ ಕಲ್ಲಿನ ಕೋಟೆಯಾಯಿತು. ಆ ತಾಲ್ಲೂಕಿನ ಕೊಯಿರಾ ಕಲ್ಲು ಶಿಲ್ಪಿಗಳಿಗೆ ಪ್ರಿಯವಾದುದು. ಆದರೆ ಹಳೆಯದೆಲ್ಲವೂ ನಿರ್ದೋಷವೆಂದು ತಿಳಿಯಲಾಗದು. ಚಪ್ಪಡಿ ಕಲ್ಲಿನ ಮಾಳಿಗೆಯು ಹಗಲೆಲ್ಲ ಹೀರಿದ ಶಾಖವನ್ನು ರಾತ್ರಿ ಒಳಕ್ಕೆ ಬಿಡುವುದರಿಂದಲೇ ಬೇಸಿಗೆಯಲ್ಲಿ ಮನೆಮಂದಿ ಜಗುಲಿಯಲ್ಲಿ ಮಲಗುತ್ತಿದ್ದರು. ಕಿಟಕಿಗಳು ಕಿರಿದಾಗಿ ಅಡಿಗೆಮನೆಯಲ್ಲಿ ಹೊಗೆ ನಿಲ್ಲುತ್ತಿದ್ದಿತು. ಯಾವುದು ಗುಣ, ಯಾವುದು ದೋಷ, ಎರಡಕ್ಕೂ ಕಾರಣವೇನು ಎಂದು ಅಳೆದು ತೂಗಿ ಹೇಳುವುದೇ ಶಾಸ್ತ್ರದ ಕೆಲಸ. ಹಳ್ಳಿಯ ಒಡ್ಡರೂ ಬಡಗಿಯೂ ಅನುಭವದಿಂದ ಬಲ್ಲುದನ್ನು, ಬೇರೆ ಊರಿನವನೂ ಕಲಿತು ನಡೆಸಬಹುದಾದ ಶಾಸ್ತ್ರವನ್ನಾಗಿ ಮಾಡಿದುದೇ ಕೋನಿಗ್ಸ್‌ಬರ್ಗರ್‌ರವರ ಹಿರಿಮೆ.

ಮೈಸೂರಿನ ಸೇವೆಯಲ್ಲಿದ್ದಾಗಲೇ ಅವರ ಕೀರ್ತಿಯು ಹೊರಗೆ ಹಬ್ಬಿತು. ಟಾಟಾರವರ ಉಕ್ಕಿನ ಕಾರ್ಖಾನೆಯ ಊರಾದ ಜಂಷೆಡ್‌ಪುರದ ಅಭಿವೃದ್ಧಿಗೆ ಅವರು ಸಿದ್ಧಪಡಿಸಿದ ಯೋಜನೆಯು ೧೯೪೫ರಲ್ಲಿ ಹೊರಬಂದಿತು. ಒರಿಸ್ಸಾ ಪ್ರಾಂತದ ಹೊಸ ರಾಜಧಾನಿಯಾದ ಭುವನೇಶ್ವರದ ನಕ್ಷೆಯೂ ಅವರದೇ. ೧೯೪೮ರ ಏಪ್ರಿಲ್ ೧೩ರಂದು ಪಂಡಿತ ಜವಹರಲಾಲ್ ನೆಹರೂರವರು ಅದರ ಶಂಕುಸ್ಥಾಪನೆ ಮಾಡಿದರು. ನಗರವನ್ನು ಒಂದೇ ದೊಡ್ಡ ಗುಂಪಾಗಿ ಬೆಳೆಸದೆ, ಶಾಲೆ, ಅಂಗಡಿ, ಆಟದ ಬಯಲು, ಔಷಧಾಲಯಗಳು ನಡೆದುಹೋಗುವಷ್ಟು ಸಮೀಪದಲ್ಲಿರುವ ಕೇರಿಗಳಾಗಿ ವಿಂಗಡಿಸುವುದು ಅವರ ಪದ್ಧತಿ. ಮಕ್ಕಳು ಹೆದ್ದಾರಿಯನ್ನು ದಾಟದೆ ಶಾಲೆಗೆ ಹೋಗಬೇಕೆಂಬುದು ಅದರ ಒಂದು ಮುಖ್ಯ ಉದ್ದೇಶ.

ದೇಶವು ಇಬ್ಭಾಗವಾಗಿ ಲಕ್ಷಾಂತರ ಜನರು ಮನೆಮಠಗಳನ್ನು ಕಳೆದುಕೊಂಡು ಬಂದಾಗ, ೧೯೪೮ರಲ್ಲಿ ಭಾರತ ಸರ್ಕಾರವು ಅವರನ್ನು ವಸತಿ ಇಲಾಖೆಯ ನಿರ್ದೇಶಕರನ್ನಾಗಿ ನೇಮಿಸಿತು. ತಾವೂ ನಿರಾಶ್ರಿತರಾಗಿದ್ದವರಿಗೆ ನಿರಾಶ್ರಿತರ ವಸತಿಯ ಭಾರವು ಬಂದಿತು. ಫರೀದಾಬಾದ್, ನೀಲೋಖೇರಿ, ಗಾಂಧಿಧಾಮ ಮೊದಲಾದ ಹೊಸ ಊರುಗಳು ತಲೆಯೆತ್ತಿದ ಕಾಲವದು. ಇದೇ ಸಮಯದಲ್ಲಿ ಅವರ ಬಾಳಿನ ಬಹು ದೊಡ್ಡ ಸೋಲೂ ಸಂಭವಿಸಿತು. ಮನೆಯ ಗೋಡೆ ಮಾಡುಗಳನ್ನು ಕಾರ್ಖಾನೆಯಲ್ಲಿ ಹಲಗೆಗಳಂತೆ ಎರಕಹೊಯ್ದು, ಬೇಕಾದ ಸ್ಥಳಕ್ಕೆ ಸಾಗಿಸಿ ಜೋಡಿಸಿದರೆ ಸಾವಿರಾರು ಮನೆಗಳನ್ನು ಶೀಘ್ರವಾಗಿ ಕಟ್ಟಬಹುದೆಂಬ ನಂಬಿಕೆಯಿಂದ, ರಾಜಕುಮಾರಿ ಅಮೃತ ಕೌರ್‌ರವರ ಆರೋಗ್ಯ ಸಚಿವಾಲಯದ ಅಧೀನದಲ್ಲಿ ದೆಹಲಿಯಲ್ಲಿ ಒಂದು ಕಾರ್ಖಾನೆಯು ಸ್ಥಾಪಿತವಾಯಿತು. ವಿದೇಶದಿಂದ ತಂದ ವಿಧಾನ; ಹಗುರವಾದ ಕಾಂಕ್ರೀಟು. ಆದರೆ ಫಲಕಗಳು ಬಿರುಕುಬಿಟ್ಟವು. ಎಣಿಸಿದಷ್ಟು ಮನೆಗಳು ಏಳಲಿಲ್ಲ. ಸಂಸತ್ತಿನಲ್ಲಿ ಕಟುವಾದ ಟೀಕೆ ನಡೆಯಿತು. ೧೯೫೧ರಲ್ಲಿ ಅವರು ಭಾರತವನ್ನು ಬಿಟ್ಟು ಲಂಡನ್ನಿಗೆ ತೆರಳಿದರು.

ಈ ಸೋಲನ್ನು ಮುಚ್ಚಿಟ್ಟು ಹೊಗಳಿಕೆಯನ್ನು ಮಾತ್ರ ಬರೆದರೆ ಚರಿತ್ರೆಯು ಅಪೂರ್ಣವಾಗುವುದು. ವಿಜ್ಞಾನ ಮಂದಿರದ ಕಟ್ಟಡಗಳು ನಿಂತವು. ದೆಹಲಿಯ ಫಲಕಗಳು ಬಿರಿದವು. ಇಬ್ಬರೂ ಶಿಲ್ಪಿಗಳಲ್ಲ, ಒಬ್ಬರೇ ಶಿಲ್ಪಿ. ಬುದ್ಧಿಯೂ ಅದೇ, ಶ್ರದ್ಧೆಯೂ ಅದೇ. ಒಂದೆಡೆ ಕಟ್ಟಡವು ಊರಿನ ಕಲ್ಲಿನಿಂದ, ಊರಿನ ಕೆಲಸಗಾರರ ಕೈಯಿಂದ, ಊರಿನ ಹವೆಯನ್ನು ಅನುಸರಿಸಿ ಎದ್ದಿತು. ಇನ್ನೊಂದೆಡೆ ಮನೆಯು ಯಂತ್ರದಿಂದ ಸಿದ್ಧವಾಗಿ ಬಂದು ಊರನ್ನು ತನಗೆ ಹೊಂದಿಕೊಳ್ಳುವಂತೆ ಕೇಳಿತು. ಅವರ ಬಾಳಿನ ಸಾರವನ್ನೆಲ್ಲ ಈ ಎರಡು ದೃಷ್ಟಾಂತಗಳಲ್ಲಿ ಕಾಣಬಹುದು.

ಸೋಲಿನಿಂದ ಅವರು ಕುಗ್ಗಲಿಲ್ಲ. ವಿಶ್ವಸಂಸ್ಥೆಯ ಸಲಹೆಗಾರರಾಗಿ ಆಫ್ರಿಕಾದ ಘಾನಾ ದೇಶಕ್ಕೆ ಹೋದ ಮೂವರ ತಂಡದಲ್ಲಿ ಅವರೂ ಒಬ್ಬರಾಗಿದ್ದರು. ಅಲ್ಲಿಯ ಹಳ್ಳಿಗರು ಮಣ್ಣಿನ ಗೋಡೆಗಳನ್ನು ತಾವೇ ಚೆನ್ನಾಗಿ ಕಟ್ಟಬಲ್ಲರು. ಬಾಳಿಕೆ ಬರುವ ಮಾಡನ್ನು ಹೊದಿಸಲು ಮಾತ್ರ ಅವರಲ್ಲಿ ಹಣವಿಲ್ಲ. ಇದನ್ನು ಕಂಡ ತಂಡವು, ಸರ್ಕಾರವು ಮನೆಗಳನ್ನು ಕಟ್ಟಿಕೊಡುವ ಗೋಜಿಗೆ ಹೋಗದೆ ಮಾಡಿಗಾಗಿ ಮಾತ್ರ ಸಾಲ ಕೊಡತಕ್ಕದ್ದೆಂದು ಸೂಚಿಸಿತು. ಜನರು ತಾವೇ ಮಾಡಬಲ್ಲುದನ್ನು ಅವರಿಗೇ ಬಿಟ್ಟು, ಅವರ ಕೈ ಎಲ್ಲಿ ಸೋಲುವುದೋ ಅಲ್ಲಿ ಮಾತ್ರ ಆಸರೆ ನೀಡುವ ಈ ಮಾರ್ಗವು ದೆಹಲಿಯ ಕಾರ್ಖಾನೆಯ ಮಾರ್ಗಕ್ಕೆ ನೇರ ವಿರುದ್ಧವಾದುದೆಂಬುದನ್ನು ವಾಚಕಮಹಾಶಯರು ಗಮನಿಸಬೇಕು.

ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಎಂಬ ವಿದ್ಯಾಶಾಲೆಯಲ್ಲಿ ೧೯೫೪ರಲ್ಲಿ ಉಷ್ಣದೇಶಗಳ ವಾಸ್ತುವಿದ್ಯೆಗೆಂದು ಒಂದು ವಿಭಾಗವು ಏರ್ಪಟ್ಟಿತು. ೧೯೫೭ರಲ್ಲಿ ಕೋನಿಗ್ಸ್‌ಬರ್ಗರ್‌ರವರು ಅದರ ಮುಖ್ಯಸ್ಥರಾದರು. ಏಷ್ಯಾ ಆಫ್ರಿಕಾಗಳ ಅನೇಕ ತರುಣ ಶಿಲ್ಪಿಗಳು ಅಲ್ಲಿ ಕಲಿತು ತಮ್ಮ ತಮ್ಮ ದೇಶಗಳಿಗೆ ಮರಳಿದರು. ೧೯೭೧ರಲ್ಲಿ ಈ ವಿಭಾಗವು ಲಂಡನ್ ವಿಶ್ವವಿದ್ಯಾನಿಲಯದ ಯೂನಿವರ್ಸಿಟಿ ಕಾಲೇಜಿಗೆ ವರ್ಗವಾಯಿತು. ಅವರು ಇತರ ಮೂವರೊಡನೆ ರಚಿಸಿ ೧೯೭೪ರಲ್ಲಿ ಪ್ರಕಟಿಸಿದ ಉಷ್ಣದೇಶಗಳ ವಸತಿ ಮತ್ತು ಕಟ್ಟಡಗಳ ಕೈಪಿಡಿಯು ಭಾರತದ ವಾಸ್ತುವಿದ್ಯಾಶಾಲೆಗಳಲ್ಲಿ ಇಂದಿಗೂ ಪಠ್ಯವಾಗಿ ನಡೆಯುತ್ತಿದೆ. ಬಿಸಿಲಿನ ದೇಶಗಳೆಲ್ಲವೂ ಒಂದೇ ಬಗೆಯಲ್ಲವೆಂದೂ, ಕರಾವಳಿಯ ಆರ್ದ್ರವಾದ ಹವೆಗೆ ಬೇಕಾದ ಮನೆ ಬೇರೆ, ಮರುಭೂಮಿಗೆ ಬೇಕಾದ ಮನೆ ಬೇರೆ, ಎತ್ತರದ ಪ್ರಸ್ಥಭೂಮಿಗೆ ಬೇಕಾದ ಮನೆ ಬೇರೆ ಎಂದೂ ಅದರಲ್ಲಿ ವಿಂಗಡಿಸಿ ತೋರಿಸಲಾಗಿದೆ. ಮೈಸೂರು ಪ್ರಸ್ಥಭೂಮಿಯಲ್ಲಿ ಒಂಬತ್ತು ವರ್ಷಗಳ ಕಾಲ ಕೈಯಾರ ಕೆಲಸಮಾಡಿದವರ ಗ್ರಂಥವಿದು ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಅವರು ೧೯೯೯ರ ಜನವರಿಯಲ್ಲಿ, ತೊಂಬತ್ತು ವರ್ಷಗಳ ತುಂಬು ಜೀವನವನ್ನು ನಡೆಸಿ, ಲಂಡನ್ನಿನಲ್ಲಿ ಕಾಲವಾದರು.

ಅವರು ಬೆಂಗಳೂರನ್ನು ಬಿಟ್ಟ ಮೇಲೆ ಈ ನಾಡಿನ ಸರ್ಕಾರಿ ವಾಸ್ತುವು ಮತ್ತೆ ಗುಮ್ಮಟ ಗೋಪುರಗಳ ಕಡೆಗೇ ಒಲಿಯಿತು. ಕೆಂಗಲ್ ಹನುಮಂತಯ್ಯನವರ ಸಂಕಲ್ಪದಿಂದ ೧೯೫೬ರಲ್ಲಿ ಪೂರ್ತಿಯಾದ ವಿಧಾನಸೌಧವು ಅದಕ್ಕೆ ಜ್ವಲಂತ ನಿದರ್ಶನ. ಅದರ ಭವ್ಯತೆಯನ್ನು ಅಲ್ಲಗಳೆಯುವವರಾರು? ಜನತೆಯ ಗೌರವವನ್ನು ಕಲ್ಲಿನಲ್ಲಿ ಎತ್ತಿಹಿಡಿಯುವುದು ಅದರ ಧ್ಯೇಯ. ಕೋನಿಗ್ಸ್‌ಬರ್ಗರ್‌ರವರ ಧ್ಯೇಯವಾದರೋ ಕಟ್ಟಡದ ಒಳಗೆ ಕುಳಿತು ಕೆಲಸಮಾಡುವವನ ಸುಖ. ಎರಡಕ್ಕೂ ನಾಡಿನಲ್ಲಿ ಸ್ಥಳವುಂಟು. ಆದರೆ ವಿಧಾನಸೌಧದಂತಹುದನ್ನು ನಾಡು ಶತಮಾನಕ್ಕೊಮ್ಮೆ ಕಟ್ಟುವುದು; ಶಾಲೆ, ಆಸ್ಪತ್ರೆ, ವಾಸದ ಮನೆಗಳನ್ನು ದಿನಂಪ್ರತಿ ಕಟ್ಟುವುದು.

ಈಗಿನ ಕಾಲದಲ್ಲಿ ಇದರ ಮಹತ್ವವು ಹೆಚ್ಚಿದೆ. ೨೦೦೮ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದ ತರುವಾಯ ಹೊಲಗದ್ದೆಗಳ ನಡುವೆ ಎತ್ತರದ ಕಟ್ಟಡಗಳು ಏಳುತ್ತಿವೆ. ಅವುಗಳಲ್ಲಿ ಹಲವಕ್ಕೆ ನಾಲ್ಕು ಕಡೆಯೂ ಗಾಜಿನ ಹೊದಿಕೆ. ಗಾಜು ಬಿಸಿಲನ್ನು ಸುಲಭವಾಗಿ ಒಳಕ್ಕೆ ಬಿಡುವುದು. ಆದರೆ ಒಳಗಿನ ವಸ್ತುಗಳು ಕಾದು ಹೊರಸೂಸುವ ಶಾಖವನ್ನು ಹೊರಕ್ಕೆ ಬಿಡದು. ಹೀಗೆ ಕಾದ ಮನೆಯನ್ನು ತಣಿಸಲು ಯಂತ್ರ, ಯಂತ್ರಕ್ಕೆ ವಿದ್ಯುತ್ತು, ವಿದ್ಯುತ್ತಿಗೆ ಹಣ. ಚಳಿಯ ದೇಶದಲ್ಲಿ ಗುಣವಾದುದು ಬಿಸಿಲಿನ ದೇಶದಲ್ಲಿ ದೋಷವಾಯಿತು. ನವೀನ ಪಂಥದ ಹೆಸರಿನಲ್ಲಿ ಹೀಗೆ ಕಟ್ಟುವವರು, ಆ ಪಂಥದಲ್ಲಿಯೇ ಬೆಳೆದು ಬಂದ ಶಿಲ್ಪಿಯೊಬ್ಬರು ಇದೇ ಸೀಮೆಯಲ್ಲಿ ಛಜ್ಜೆ ಹಜಾರಗಳಿಂದ ಸಾಧಿಸಿ ತೋರಿಸಿದುದನ್ನು ಮರೆತಿದ್ದಾರೆ. ಹಳ್ಳಿಗಳಲ್ಲಿಯೂ ಮಣ್ಣಿನ ಗೋಡೆಯನ್ನು ಕೆಡವಿ ತೆಳುವಾದ ಕಾಂಕ್ರೀಟಿನ ಪೆಟ್ಟಿಗೆಗಳನ್ನು ಕಟ್ಟುವುದು ಪ್ರತಿಷ್ಠೆಯ ಗುರುತಾಗಿದೆ. ದೊಡ್ಡಬಳ್ಳಾಪುರದ ನೇಕಾರನ ಮನೆಗೆ ಬೇಕಾದುದು ಕಣ್ಣು ಕುಕ್ಕದ ಸಮಬೆಳಕು. ಮಗ್ಗದ ಕೋಣೆಗೆ ಉತ್ತರದ ಗೋಡೆಯಲ್ಲಿ ಎತ್ತರವಾದ ಕಿಟಕಿಯಿದ್ದರೆ ಆ ಬೆಳಕು ಕಾಸಿನ ಖರ್ಚಿಲ್ಲದೆ ಒದಗುವುದು. ಪಶ್ಚಿಮಕ್ಕೆ ಕಿಟಕಿಯಿಟ್ಟರೆ ಸಂಜೆಯ ಬಿಸಿಲು ನೂಲನ್ನೂ ನೇಯುವವನನ್ನೂ ಬಾಡಿಸುವುದು. ಇಷ್ಟು ಚಿಕ್ಕ ವಿಷಯದಲ್ಲಿ ಒಂದು ಸಂಸಾರದ ಸುಖವು ಅಡಗಿದೆ.

ಮಠಗಳೂ ಕಟ್ಟುವುದನ್ನು ನಿಲ್ಲಿಸಿಲ್ಲ. ದಾಸೋಹದ ಮನೆ, ವಿದ್ಯಾರ್ಥಿನಿಲಯ, ಶಾಲೆ, ಕಲ್ಯಾಣಮಂಟಪಗಳು ಭಕ್ತರ ಕಾಣಿಕೆಯಿಂದ ಏಳುತ್ತಲೇ ಇವೆ. ಇವುಗಳಲ್ಲಿ ಊಟಮಾಡುವವರೂ ಮಲಗುವವರೂ ಓದುವವರೂ ಬಹುಮಟ್ಟಿಗೆ ಬಡವರ ಮಕ್ಕಳು. ಅವರ ಸಲುವಾಗಿ ಕಟ್ಟಿಸುವವರು ಹೆಬ್ಬಾಗಿಲಿನ ಅಲಂಕಾರವನ್ನು ಕುರಿತು ಯೋಚಿಸುವುದಕ್ಕೆ ಮುಂಚೆ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಶ್ರೇಯಸ್ಕರ. ಉದ್ದನೆಯ ಗೋಡೆಯು ಯಾವ ದಿಕ್ಕಿಗಿದೆ? ಮಧ್ಯಾಹ್ನದ ಬಿಸಿಲಿಗೆ ಮರೆಯುಂಟೇ? ಗಾಳಿಯು ಹೊಕ್ಕು ಹೊರಡಲು ಹಾದಿಯುಂಟೇ? ಹತ್ತಿರದ ಕಲ್ಲು, ಹತ್ತಿರದ ಕೆಲಸಗಾರರಿಂದ ಆಗದೆ ಇರುವುದು ಇದರಲ್ಲಿ ಯಾವುದು? ಇವಕ್ಕೆ ತೃಪ್ತಿಕರವಾದ ಉತ್ತರವಿರುವ ಕಟ್ಟಡವು ಸಾದಾ ಆಗಿದ್ದರೂ ಪೂಜ್ಯವಾದುದು.

ಶಿಲ್ಪಿಯೊಬ್ಬನ ಹೆಸರು ಕಟ್ಟಡದ ಮೇಲಿನ ಫಲಕದಲ್ಲಿ ಉಳಿಯಬಹುದು, ಅಳಿಯಬಹುದು. ಕೋನಿಗ್ಸ್‌ಬರ್ಗರ್‌ರವರ ಕಟ್ಟಡಗಳೂ ಕಾಲಧರ್ಮಕ್ಕೆ ಒಳಪಟ್ಟವೇ. ಆದರೆ ತಾಪವನ್ನು ತಡೆದು ತಂಪನ್ನು ಕೊಡುವ ವಿದ್ಯೆಯನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳದೆ ಹತ್ತಾರು ದೇಶಗಳ ಶಿಷ್ಯರಿಗೆ ಹಂಚಿಹೋದರು. ಆ ವಿದ್ಯೆಯ ಒಂದು ಬೇರು ಈ ಬೆಂಗಳೂರು ಸೀಮೆಯ ಕಲ್ಲುನೆಲದಲ್ಲಿದೆ. ಇಲ್ಲಿಯ ಜನರು ಅದನ್ನು ಮತ್ತೆ ತಮ್ಮದನ್ನಾಗಿ ಮಾಡಿಕೊಂಡು, ಬಿಸಿಲಿನಲ್ಲಿ ಬಂದವನಿಗೆ ನೆರಳಾಗುವ ಮನೆಗಳನ್ನು ಕಟ್ಟಿದರೆ, ಆ ಮಹನೀಯರಿಗೆ ಅದಕ್ಕಿಂತ ಉಚಿತವಾದ ಸ್ಮಾರಕವು ಬೇರೊಂದು ಇರಲಾರದು.